ಬಿಸಿಯಾದರೆ ನಿಲ್ಲುವ ಬುಲೆಟ್: ಕಾರ್ಬೊರೇಟರ್ ಮುಟ್ಟುವ ಮೊದಲು ನೋಡಬೇಕಾದ್ದು

ಗಾಡಿ 1998ರ ಬುಲೆಟ್ 350 ಸ್ಟ್ಯಾಂಡರ್ಡ್. ಎರಕದ ಕಬ್ಬಿಣದ ಹಳೇ ಇಂಜಿನ್, 346 ಸಿಸಿ, ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ಸೆಲ್ಫ್ ಇಲ್ಲ, ಎಲೆಕ್ಟ್ರಾನಿಕ್ ಇಗ್ನಿಷನ್ ಇಲ್ಲ. ಒಂದು ಬ್ಯಾಟರಿ, ಒಂದು ಕಾಯಿಲ್, ಪಾಯಿಂಟು (ಕಾಯಿಲಿನ ಕರೆಂಟನ್ನು ಸರಿಯಾದ ಕ್ಷಣಕ್ಕೆ ಕಡಿಯುವ ಸ್ವಿಚ್ಚು), ಕಂಡೆನ್ಸರು, ಹೆಡ್‌ಲೈಟಿನ ಮೇಲೆ ಒಂದು ಆಂಪಿಯರ್ ಮೀಟರು. ಕಿಡಿ ಹುಟ್ಟುವುದು ಇಷ್ಟರಿಂದಲೇ. ಕೆಎಲ್-14 ನಂಬರು, ಅಂದರೆ ನಮ್ಮ ಕಾಸರಗೋಡಿನದ್ದೇ. ಬದಿಯಡ್ಕದ ಹತ್ತಿರ ನಮ್ಮ ಮನೆಯ ಅಡಿಕೆ ಅಂಗಳದ ಬದಿಗಿರುವ ಶೆಡ್ಡೇ ವರ್ಕ್‌ಶಾಪು, ನಾನು ಶಾಲೆಯ ಮಾಷು, ಶಾಲೆಗೆ ರಜೆ ಇದ್ದಾಗ ಮಾತ್ರ ಕೆಲಸ.

ತೊಂದರೆ ಇದು. ಬೆಳಿಗ್ಗೆ ತಣ್ಣಗಿರುವಾಗ ಒಂದೆರಡು ಕಿಕ್ಕಿಗೆ ಸ್ಟಾರ್ಟ್. ಮುಳ್ಳೇರಿಯ, ಆದೂರು ದಾಟುವವರೆಗೂ ಒಳ್ಳೆಯ ಓಟ. ಮುಕ್ಕಾಲು ಗಂಟೆ ಓಡಿದ ಮೇಲೆ, ಅದೂ ಏರಿನಲ್ಲಿ ಲೋಡು ಬಿದ್ದಾಗ, ಮೊದಲು ಅಲ್ಲೊಂದು ಇಲ್ಲೊಂದು ಮಿಸ್ಸಿಂಗ್, ಆಮೇಲೆ ಸೈಲೆನ್ಸರಿನಲ್ಲಿ ಪಟ್ ಪಟ್, ಮತ್ತೆ ಆಫ್. ಎಷ್ಟು ಕಿಕ್ ಹೊಡೆದರೂ ಇಲ್ಲ. ಅರ್ಧ ಗಂಟೆ ನೆರಳಿನಲ್ಲಿ ನಿಲ್ಲಿಸಿ ಹೊಡೆದರೆ ಏನೂ ಆಗದ ಹಾಗೆ ಶುರುವಾಗುತ್ತದೆ. ಆದರೆ ಎರಡನೇ ಸಲ ನಿಲ್ಲಲು ಅಷ್ಟು ಹೊತ್ತು ಬೇಡ, ಹದಿನೈದು ನಿಮಿಷ ಸಾಕು.

ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು. ಕಾರ್ಬೊರೇಟರ್. ಭಾವನಂತೂ ಫೋನಿನಲ್ಲೇ ತೀರ್ಪು ಕೊಟ್ಟ, "ಜೆಟ್ಟಿನಲ್ಲಿ ಕಸ ಮಾರಾಯ, ಬಿಚ್ಚಿ ಊದು, ಸರಿಯಾಗುತ್ತದೆ." ಊದಿದ್ದಾಯಿತು. ಒಂದು ವರ್ಕ್‌ಶಾಪಿನಲ್ಲಿ ಗಾಳಿ ಹೊಡೆಸಿದ್ದೂ ಆಯಿತು. ಏನೂ ಬದಲಾಗಲಿಲ್ಲ. ಕಸ ಸಿಕ್ಕಿದ ಜೆಟ್ಟು, ಅಂದರೆ ಪೆಟ್ರೋಲ್ ಹೋಗುವ ಆ ಸಣ್ಣ ತೂತು, ತಣ್ಣಗಿದ್ದಾಗಲೂ ತೊಂದರೆ ಕೊಡಬೇಕಲ್ವಾ? ಇಲ್ಲಿ ಬಿಸಿಯಾದಾಗ ಮಾತ್ರ ತೊಂದರೆ. ಆ ಒಂದು ವಿಷಯವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕುಂಬಳೆ ಕಡೆ ಹಳೇ ಬುಲೆಟ್ ಮಾತ್ರ ನೋಡುವ ಒಬ್ಬರು ಇಚ್ಚ (ಅಣ್ಣ) ಇದ್ದಾರೆ. ಈಗ ವಯಸ್ಸಾಗಿದೆ, ಸ್ಪ್ಯಾನರ್ ಹಿಡಿಯುವುದು ಕಡಿಮೆ, ಕುರ್ಚಿಯಲ್ಲಿ ಕೂತು ಹುಡುಗರಿಂದ ಮಾಡಿಸುತ್ತಾರೆ. ಗಾಡಿ ತಣ್ಣಗಿತ್ತು, ಸ್ಟಾರ್ಟ್ ಮಾಡಿಸಿ ಕೇಳಿದರು, ಆಫ್ ಮಾಡಿಸಿದರು.

"ಮಾಷೇ, ಇದು ಇಲ್ಲಿ ನಿಲ್ಲುವುದಿಲ್ಲ. ನಿಲ್ಲದ ಗಾಡಿಯನ್ನು ನಾನು ಏನು ನೋಡಲಿ? ದಾರಿಯಲ್ಲಿ ನಿಂತ ಕೂಡಲೇ ನೀವೇ ನೋಡಬೇಕು. ಮೊದಲು ಟ್ಯಾಂಕಿಯ ಮುಚ್ಚಳ, ಆಮೇಲೆ ಕರೆಂಟು. ಕಾರ್ಬೊರೇಟರ್ ಕೊನೆಗೆ."

ಅಷ್ಟೇ. ದುಡ್ಡೂ ತೆಗೆದುಕೊಳ್ಳಲಿಲ್ಲ.

ನನಗೆ ಇದರಲ್ಲಿ ಹಿಡಿಸಿದ್ದು "ನಿಂತ ಕೂಡಲೇ" ಅನ್ನುವುದು. ಬಿಸಿಯ ತೊಂದರೆಗೆ ಸಾಕ್ಷಿ ಇರುವುದು ಮೊದಲ ಐದು ನಿಮಿಷ ಮಾತ್ರ. ನಾವು ಏನು ಮಾಡುತ್ತೇವೆ? ಹತ್ತಿಪ್ಪತ್ತು ಕಿಕ್ ಹೊಡೆಯುತ್ತೇವೆ, ಬೆವರು ಒರೆಸುತ್ತೇವೆ, ಯಾರಿಗೋ ಫೋನ್ ಮಾಡುತ್ತೇವೆ. ಅಷ್ಟರಲ್ಲಿ ಇಂಜಿನ್ ತಣ್ಣಗಾಗಿ ಸ್ಟಾರ್ಟ್ ಆಗುತ್ತದೆ, ಖುಷಿಯಲ್ಲಿ ಹೊರಡುತ್ತೇವೆ. ತಿಳಿದದ್ದು ಸೊನ್ನೆ.

ಹಾಗಾಗಿ ಶೆಡ್ಡಿನಲ್ಲಿ ಏನನ್ನೂ ಬಿಚ್ಚದೆ ಮೊದಲು ಒಂದು ಚೀಲ ರೆಡಿ ಮಾಡಿದೆ. ಪ್ಲಗ್ ಸ್ಪ್ಯಾನರ್, ಹೊಸ ಪ್ಲಗ್, ಚಿಕ್ಕ ಸ್ಕ್ರೂಡ್ರೈವರ್, ಫೀಲರ್ ಗೇಜ್, 12 ವೋಲ್ಟಿನ ಇಂಡಿಕೇಟರ್ ಬಲ್ಬಿಗೆ ಎರಡು ವಯರ್ ಬೆಸೆದ ಟೆಸ್ಟ್ ಲ್ಯಾಂಪು, ಎರಡೂ ತುದಿಗೆ ಕ್ಲಿಪ್ ಇರುವ ಒಂದು ಮೊಳ ವಯರು, ಒಂದು ಹೊಸ ಕಂಡೆನ್ಸರು. ಜೊತೆಗೆ ಒಂದು ಚೀಟಿಯಲ್ಲಿ ಬರೆದುಕೊಂಡೆ, ಬಿಸಿಗೆ ಇಂಜಿನ್ ನಿಲ್ಲಲು ಏನೇನು ಕಾರಣ ಇರಬಹುದು ಅಂತ. ಟ್ಯಾಂಕಿಯ ಮುಚ್ಚಳದ ಗಾಳಿತೂತು ಕಟ್ಟಿ ಪೆಟ್ರೋಲ್ ಇಳಿಯದೇ ಇರುವುದು. ಕಂಡೆನ್ಸರು ಬಿಸಿಗೆ ಕೈಕೊಡುವುದು. ಕಾಯಿಲ್ ಒಳಗೆ ವೈಂಡಿಂಗ್ ಬಿಸಿಗೆ ತುಂಡಾಗುವುದು. ವಾಲ್ವು ತೆರೆಸುವ ಟ್ಯಾಪೆಟ್ ತುಂಬಾ ಟೈಟಾಗಿದ್ದು ವಾಲ್ವು ಪೂರ್ತಿ ಕೂರದೇ ಕಂಪ್ರೆಷನ್ ಹೋಗುವುದು. ಕೊನೆಯದಾಗಿ ಆಯಿಲ್ ಸರಿಯಾಗಿ ಹೋಗದೆ ಪಿಸ್ಟನ್ ಹಿಡಿಯುವುದು, ಅದಾದರೆ ಕಿಕ್ಕರೇ ಗಟ್ಟಿಯಾಗುತ್ತದೆ, ಗೊತ್ತಾಗದೇ ಇರುವುದಿಲ್ಲ.

ಟ್ಯಾಪೆಟ್ ಹೌದೋ ಅಲ್ಲವೋ ಅನ್ನುವುದನ್ನೂ ಕಾಲೇ ಹೇಳುತ್ತದೆ. ಬಿಸಿಯಲ್ಲಿ ನಿಂತಾಗ ಕಿಕ್ಕರನ್ನು ಮೆಲ್ಲಗೆ ಒತ್ತಿ ನೋಡಿ. ಎಂದಿನಂತೆ ಎದುರು ಒತ್ತಿದರೆ ಕಂಪ್ರೆಷನ್ ಇದೆ. ಮೆತ್ತಗೆ ಇಳಿದುಹೋದರೆ ವಾಲ್ವಿನ ಕಡೆ ನೋಡಬೇಕು.

ಒಂದು ಭಾನುವಾರ ಬೇಕೆಂದೇ ನಿಲ್ಲಿಸಲು ಹೊರಟೆ. ಮುಳ್ಳೇರಿಯದಿಂದ ಜಾಲ್ಸೂರು, ಸುಳ್ಯ, ಅಲ್ಲಿಂದ ಸಂಪಾಜೆ ದಾಟಿ ಮಡಿಕೇರಿ ಕಡೆಗೆ. ಬಿಸಿ ಮಾಡಲು ಇದಕ್ಕಿಂತ ಒಳ್ಳೆಯ ದಾರಿ ನಮ್ಮ ಹತ್ತಿರ ಇಲ್ಲ. ಸಂಪಾಜೆಯಿಂದ ಮೇಲೆ ಎರಡನೇ ಮೂರನೇ ಗೇರಿನಲ್ಲೇ ಹತ್ತಬೇಕು, ಗಾಳಿ ಕಡಿಮೆ, ಲೋಡು ಜಾಸ್ತಿ. ಜೋಡುಪಾಲ ಬರುವ ಮೊದಲೇ ಮಿಸ್ಸಿಂಗ್ ಶುರುವಾಗಿ ಆಫ್ ಆಯಿತು. ಬದಿಗೆ ನಿಲ್ಲಿಸಿ ಮೊದಲು ಟ್ಯಾಂಕಿಯ ಮುಚ್ಚಳ ತಿರುಗಿಸಿದೆ. ಸುಯ್ ಅಂತ ಒಳಗೆ ಗಾಳಿ ಎಳೆದುಕೊಂಡ ಸದ್ದು. ಮುಚ್ಚಳ ಸಡಿಲ ಇಟ್ಟು ಸ್ವಲ್ಪ ಕಾದು ಕಿಕ್ ಹೊಡೆದರೆ ಸ್ಟಾರ್ಟ್!

ಇದಕ್ಕೂ ಬಿಸಿಗೂ ಸಂಬಂಧ ಇಲ್ಲ, ಹೊತ್ತಿಗೆ ಮಾತ್ರ ಸಂಬಂಧ. ಪೆಟ್ರೋಲ್ ಕೆಳಗಿಳಿದಷ್ಟು ಗಾಳಿ ಮೇಲಿನಿಂದ ಒಳಗೆ ಬರಬೇಕು. ಮುಚ್ಚಳದ ಸಣ್ಣ ತೂತು ಕಟ್ಟಿದರೆ ಟ್ಯಾಂಕಿಯೊಳಗೆ ನಿರ್ವಾತ ಆಗಿ ಪೆಟ್ರೋಲ್ ಇಳಿಯುವುದು ನಿಧಾನವಾಗುತ್ತದೆ. ಸಮತಟ್ಟಿನಲ್ಲಿ ನಡೆಯುತ್ತದೆ, ಏರಿನಲ್ಲಿ ಪೆಟ್ರೋಲ್ ಜಾಸ್ತಿ ಬೇಕಾದಾಗ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲ್ ಖಾಲಿ. ನಿಲ್ಲಿಸಿ ಕಾದರೆ ನಿಧಾನಕ್ಕೆ ಗಾಳಿ ಸೇರಿ ಸರಿಯಾಗುತ್ತದೆ, ನಾವು "ತಣ್ಣಗಾಯಿತು, ಅದಕ್ಕೇ ಸ್ಟಾರ್ಟ್ ಆಯಿತು" ಅಂದುಕೊಳ್ಳುತ್ತೇವೆ. ಮನೆಗೆ ಬಂದು ಮುಚ್ಚಳ ಬಿಚ್ಚಿದರೆ ತೂತಿನಲ್ಲಿ ತುಕ್ಕಿನ ಹುಡಿ ಮತ್ತು ನಮ್ಮೂರಿನ ಕೆಂಪು ಮಣ್ಣು ಸೇರಿ ಸಿಮೆಂಟಿನಷ್ಟು ಗಟ್ಟಿ. ಡೀಸೆಲಿನಲ್ಲಿ ನೆನೆಸಿಟ್ಟು, ಕ್ಲಚ್ ಕೇಬಲಿನ ಒಂದು ಎಳೆ ತಂತಿ ತೂರಿಸಿ, ಬಾಯಲ್ಲಿ ಊದಿದರೆ ಗಾಳಿ ಹೋಗುವ ತನಕ ಬಿಡಿಸಿದೆ. ಕಾರ್ಕ್ ವಾಷರ್ ಹೊಸದು ಹಾಕಿದೆ.

ಇಲ್ಲಿಗೇ ಮುಗಿಯಬಹುದಿತ್ತು. ಮುಗಿಯಲಿಲ್ಲ. ಮುಂದಿನ ಓಟದಲ್ಲಿ ಗಾಡಿ ಮೊದಲಿಗಿಂತ ದೂರ ಹೋಗಿ ನಿಂತಿತು. ಮುಚ್ಚಳ ತೆರೆದರೆ ಸದ್ದೇ ಇಲ್ಲ. ಫ್ಲೋಟ್ ಬೌಲಿನ ಕೆಳಗಿನ ಸ್ಕ್ರೂ ಸಡಿಲಿಸಿದರೆ ಪೆಟ್ರೋಲ್ ಧಾರಾಳ ಬರುತ್ತಿದೆ. ಅಂದರೆ ಒಂದೇ ಲಕ್ಷಣಕ್ಕೆ ಎರಡು ಕಾಯಿಲೆ ಇದ್ದವು. ಹಳೇ ಗಾಡಿಯಲ್ಲಿ ಇದು ಮಾಮೂಲು. ಒಂದು ಸರಿ ಮಾಡಿದಾಗ ತೊಂದರೆ ಅರ್ಧ ಕಡಿಮೆಯಾದರೆ ಆ ರಿಪೇರಿ ತಪ್ಪು ಅಂತಲ್ಲ, ಇನ್ನೊಂದು ಬಾಕಿ ಇದೆ ಅಂತ.

ಈಗ ಕರೆಂಟು. ಇಲ್ಲಿ ಹಳೇ ಬುಲೆಟ್ಟಿನ ಆಂಪಿಯರ್ ಮೀಟರನ್ನು ಹೊಗಳಲೇಬೇಕು. ಅನೇಕರು ಅದನ್ನು ಅಲಂಕಾರ ಅಂದುಕೊಂಡಿದ್ದಾರೆ. ಕೀ ಆನ್ ಮಾಡಿ, ಲೈಟು ಎಲ್ಲ ಆಫ್ ಇಟ್ಟು, ಕಿಕ್ಕರನ್ನು ಮೆಲ್ಲಗೆ ಒತ್ತುತ್ತಾ ಹೋಗಿ. ಪಾಯಿಂಟ್ ಮುಚ್ಚಿರುವಾಗ ಕಾಯಿಲಿಗೆ ಕರೆಂಟು ಹೋಗುತ್ತದೆ, ಮುಳ್ಳು ಮೈನಸ್ ಕಡೆಗೆ ಮೂರು ಆಂಪಿಯರಿನಷ್ಟು ವಾಲುತ್ತದೆ. ಪಾಯಿಂಟ್ ತೆರೆದಾಗ ನಡುವಿಗೆ ಬರುತ್ತದೆ. ಹೀಗೆ ಆಚೆ ಈಚೆ ಆಡಿದರೆ ಬ್ಯಾಟರಿ, ಫ್ಯೂಸು, ಕೀ ಸ್ವಿಚ್ಚು, ಕಾಯಿಲಿನ ಪ್ರೈಮರಿ (ಬ್ಯಾಟರಿ ಕಡೆಯ ವೈಂಡಿಂಗ್), ಪಾಯಿಂಟು ಎಲ್ಲ ತಮ್ಮ ಕೆಲಸ ಮಾಡುತ್ತಿವೆ. ಮುಳ್ಳು ನಡುವಿನಲ್ಲೇ ಅಂಟಿ ನಿಂತರೆ ದಾರಿಯಲ್ಲಿ ಎಲ್ಲೋ ಕಡಿದಿದೆ: ಫ್ಯೂಸು ಹೋಗಿರಬಹುದು, ಪಾಯಿಂಟಿನ ಮುಖ ಕೊಳೆಯಾಗಿರಬಹುದು. ಮೈನಸ್ಸಿನಲ್ಲೇ ನಿಂತರೆ ಪಾಯಿಂಟ್ ತೆರೆಯುತ್ತಿಲ್ಲ, ಇಲ್ಲವೇ ಕಂಡೆನ್ಸರು ಶಾರ್ಟ್ ಆಗಿದೆ. ಟೂಲ್ ಒಂದೂ ಬೇಡ, ಅರ್ಧ ನಿಮಿಷದ ಕೆಲಸ.

ನನ್ನದರಲ್ಲಿ ಮುಳ್ಳು ಸರಿಯಾಗಿ ಆಡುತ್ತಿತ್ತು. ಹಾಗಾದರೆ ಮುಂದಿನದು ಪ್ಲಗ್. ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಲೋಹದ ಭಾಗ ಹೆಡ್ಡಿಗೆ ತಾಗಿಸಿ ಇಟ್ಟು ಕಿಕ್ ಹೊಡೆದೆ. (ಇದನ್ನು ಮಾಡುವಾಗ ಟ್ಯಾಂಕಿಯ ಮುಚ್ಚಳ ಹಾಕಿರಲಿ, ಪೆಟ್ರೋಲ್ ಚೆಲ್ಲಿದ್ದರೆ ಒರೆಸಿರಲಿ, ಮತ್ತು ಪ್ಲಗ್ ತೂತಿನ ಎದುರಿಗೆ ಹಿಡಿಯಬೇಡಿ. ಪ್ಲಗ್ ಹೆಡ್ಡಿಗೆ ತಾಗಿಸದೆ ಗಾಳಿಯಲ್ಲಿ ನೇತಾಡಿಸಿ ಕಿಕ್ ಹೊಡೆಯುವುದೂ ಬೇಡ, ಕಾಯಿಲಿನ ಇನ್ಸುಲೇಷನ್ನಿಗೆ ಅದು ಒಳ್ಳೆಯದಲ್ಲ.) ಕಿಡಿ ಇತ್ತು, ಆದರೆ ತೆಳ್ಳಗೆ, ಕಿತ್ತಳೆ ಬಣ್ಣ. ಹೊಸ ಪ್ಲಗ್ ಹಾಕಿದರೂ ಹಾಗೇ. ಪಾಯಿಂಟಿನ ಮುಚ್ಚಳ ತೆಗೆದು ಅಂಗಿಯ ನೆರಳು ಮಾಡಿ ನೋಡಿದರೆ ಅಲ್ಲಿ ಜಾತ್ರೆ! ಪಾಯಿಂಟ್ ತೆರೆಯುವಾಗಲೆಲ್ಲ ದಪ್ಪ ನೀಲಿ ಕಿಡಿ. ಪ್ಲಗ್ಗಿನಲ್ಲಿ ಇರಬೇಕಾದ ಕಿಡಿ ಪಾಯಿಂಟಿನಲ್ಲಿ ಇದೆ. ಇದು ಕಂಡೆನ್ಸರು ಹೋದದ್ದರ ಗುರುತು.

ಕಂಡೆನ್ಸರು ಮಾಡುವ ಕೆಲಸ ಏನು ಅಂತ ಒಮ್ಮೆ ಹೇಳಿಬಿಡುತ್ತೇನೆ. ತೋಟಕ್ಕೆ ಪಂಪಿನಿಂದ ನೀರು ಹೋಗುತ್ತಿರುವಾಗ ಗೇಟ್‌ವಾಲ್ವ್ ಥಟ್ಟನೆ ಮುಚ್ಚಿದರೆ ಪೈಪು ದಢ್ ಅಂತ ಹೊಡೆಯುತ್ತದಲ್ಲ, ಮೆಲ್ಲಗೆ ಮುಚ್ಚಿದರೆ ಆ ಹೊಡೆತ ಇಲ್ಲ. ಕಾಯಿಲಿನಲ್ಲೂ ಕರೆಂಟು ಥಟ್ಟನೆ ನಿಂತರೆ ಮಾತ್ರ ಆಚೆ ಬದಿಯ ಸಾವಿರಾರು ಸುತ್ತಿನ ವೈಂಡಿಂಗಿನಲ್ಲಿ ಸಾವಿರಾರು ವೋಲ್ಟು ಹುಟ್ಟುತ್ತದೆ. ಆದರೆ ಪಾಯಿಂಟ್ ತೆರೆಯುವ ಕ್ಷಣದಲ್ಲಿ ಸಂದು ಇನ್ನೂ ಚಿಕ್ಕದು, ಕರೆಂಟು ಅದನ್ನು ಹಾರಿ ಹರಿಯುತ್ತಲೇ ಇರಲು ನೋಡುತ್ತದೆ. ಪಕ್ಕದಲ್ಲಿರುವ ಕಂಡೆನ್ಸರು ಆ ಕ್ಷಣಕ್ಕೆ ಕರೆಂಟನ್ನು ತನ್ನೊಳಗೆ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಪಾಯಿಂಟ್ ಸಾಕಷ್ಟು ತೆರೆದಿರುತ್ತದೆ. ಅದು ಇಲ್ಲವಾದರೆ ಕಿಡಿ ಪಾಯಿಂಟಿನಲ್ಲೇ ಖರ್ಚು, ಪ್ಲಗ್ಗಿಗೆ ಉಳಿಯುವುದು ಚೂರುಪಾರು.

ಬಿಸಿಗೆ ಯಾಕೆ ಹೋಗುತ್ತದೆ ಅಂದರೆ, ಅದು ಕೂತಿರುವ ಜಾಗ ಹಾಗಿದೆ. ಪಾಯಿಂಟಿನ ಡಬ್ಬಿಯ ಒಳಗೆ, ಕಬ್ಬಿಣದ ಸಿಲಿಂಡರಿನ ಪಕ್ಕ. ಒಳಗಿರುವುದು ತೆಳ್ಳಗಿನ ಲೋಹದ ಹಾಳೆ ಮತ್ತು ಇನ್ಸುಲೇಷನ್ ಸುತ್ತಿದ ಸುರುಳಿ. ಹಳತಾದ ಮೇಲೆ ತಣ್ಣಗಿದ್ದಾಗ ಹಿಡಿಯುತ್ತದೆ, ಬಿಸಿಯಾದಾಗ ಸೋರುತ್ತದೆ. ಅದಕ್ಕೇ ಅಂಗಡಿಯಲ್ಲಿ ಮೀಟರ್ ಇಟ್ಟು ನೋಡಿ "ಇದು ಸರಿ ಇದೆ" ಅಂದರೆ ನಂಬಲಿಕ್ಕಾಗದು. ತಣ್ಣಗಿದ್ದಾಗ ಸರಿಯೇ ಇರುತ್ತದೆ.

ರಸ್ತೆ ಬದಿಯಲ್ಲೇ ಖಾತ್ರಿ ಮಾಡಿಕೊಳ್ಳಬಹುದು. ಹಳೇ ಕಂಡೆನ್ಸರಿನ ವಯರ್ ಪಾಯಿಂಟಿನಿಂದ ಕಳಚಿ ಪಕ್ಕಕ್ಕೆ ಇಟ್ಟೆ. ಕಳಚದೆ ಹೊಸದನ್ನು ಜೊತೆಗೆ ಸೇರಿಸಿದರೆ ಸಾಲದು, ಹಳೆಯದು ಸೋರುತ್ತಿದ್ದರೆ ಸೋರುತ್ತಲೇ ಇರುತ್ತದೆ. ಹೊಸ ಕಂಡೆನ್ಸರಿನ ಮೈಯನ್ನು ಇಂಜಿನ್ ಬೋಲ್ಟಿಗೆ ಒತ್ತಿ ಕಟ್ಟಿ, ವಯರನ್ನು ಕ್ಲಿಪ್ಪಿನಿಂದ ಪಾಯಿಂಟಿನ ಟರ್ಮಿನಲಿಗೆ ಕೊಟ್ಟೆ. ಕಿಕ್. ಪ್ಲಗ್ಗಿನಲ್ಲಿ ಟಕ್ ಟಕ್ ಅಂತ ನೀಲಿ ಕಿಡಿ. ಇಂಜಿನ್ ಇನ್ನೂ ಕೈ ಇಡಲಾಗದಷ್ಟು ಬಿಸಿ ಇತ್ತು, ಎರಡನೇ ಕಿಕ್ಕಿಗೆ ಸ್ಟಾರ್ಟ್. ತಣ್ಣಗಾಗಿ ಸ್ಟಾರ್ಟ್ ಆದದ್ದಲ್ಲ, ಬಿಸಿಯಲ್ಲೇ ಆದದ್ದು. ಹಾಗಾಗಿ ಕಾಯಿಲಿನ ಮೇಲಿದ್ದ ಸಂಶಯವೂ ಹೋಯಿತು. ಮನೆಯಲ್ಲಿ ಮಲ್ಟಿಮೀಟರಿನಲ್ಲಿ ಕಾಯಿಲಿನ ಪ್ರೈಮರಿ ನೋಡಿದೆ, ಮೂರೂವರೆ ಓಮಿನ ಹತ್ತಿರ ಇತ್ತು, ಸರಿಯಿದೆ.

ಈಗಿನ ಕಾಲದ ಹೊಸ ಕಂಡೆನ್ಸರುಗಳ ಮೇಲೆ ನನಗೆ ಅಷ್ಟು ಭರವಸೆ ಇಲ್ಲ. ಪ್ಯಾಕೆಟಿನಿಂದ ತೆಗೆದ ದಿನವೇ ಹೋದವು ಇವೆ. ಹಾಗಾಗಿ ಎರಡು ಬದಲಾವಣೆ ಮಾಡಿದೆ. ಒಂದು, ಜಾಗ. ಪಾಯಿಂಟಿನ ಡಬ್ಬಿಯೊಳಗೆ ಹಾಕದೆ ಟ್ಯಾಂಕಿಯ ಕೆಳಗೆ ಫ್ರೇಮಿಗೆ ಕ್ಲಾಂಪ್ ಮಾಡಿದೆ, ಅಲ್ಲಿ ಗಾಳಿ ಆಡುತ್ತದೆ. ಕರೆಂಟಿನ ಲೆಕ್ಕದಲ್ಲಿ ವ್ಯತ್ಯಾಸ ಏನಿಲ್ಲ, ಒಂದು ತುದಿ ಪಾಯಿಂಟಿನ ವಯರಿಗೆ, ಇನ್ನೊಂದು ಒಳ್ಳೆಯ ಅರ್ಥಿಗೆ, ಅಂದರೆ ಗಾಡಿಯ ಲೋಹದ ಮೈಗೆ, ಸಿಕ್ಕಬೇಕು, ಅಷ್ಟೇ. ಫ್ರೇಮಿನ ಆ ಜಾಗದ ಪೇಂಟು ಕೆರೆದು ಹೊಳೆಯುವ ಲೋಹ ಕಾಣಿಸಿದೆ, ಪೇಂಟಿನ ಮೇಲೆ ಕೂರಿಸಿದರೆ ಅರ್ಥ್ ಆಗುವುದಿಲ್ಲ. ಎರಡನೆಯದು, ಸ್ಪೇರ್. ಟಿವಿ ರಿಪೇರಿ ಅಂಗಡಿಯಲ್ಲಿ 0.22 ಮೈಕ್ರೋಫ್ಯಾರಡ್, 630 ವೋಲ್ಟಿನ ಫಿಲ್ಮ್ ಕೆಪಾಸಿಟರ್ ಸಿಗುತ್ತದೆ, ಬೆಲೆ ಒಂದು ಚಾಯಕ್ಕಿಂತ ಹೆಚ್ಚೇನಲ್ಲ. ಬುಲೆಟ್ಟಿಗೆ ಬೇಕಾದದ್ದೂ 0.2ರ ಆಸುಪಾಸೇ. ಎರಡೂ ಕಾಲಿಗೆ ವಯರ್ ಬೆಸೆದು, ಹೀಟ್ ಶ್ರಿಂಕ್ ಟ್ಯೂಬ್ ಹಾಕಿ ಟೂಲ್‌ಬಾಕ್ಸಿನಲ್ಲಿ ಇಟ್ಟಿದ್ದೇನೆ. ಹಳೇ ಕಂಡೆನ್ಸರನ್ನು ಮಾತ್ರ ಬಿಸಾಡಿ. ಟೂಲ್‌ಬಾಕ್ಸಿನಲ್ಲಿ ಬಿದ್ದಿದ್ದರೆ ಮುಂದೊಂದು ದಿನ ಮಳೆಯಲ್ಲಿ, ಕತ್ತಲೆಯಲ್ಲಿ, ಅದನ್ನೇ ಸ್ಪೇರ್ ಅಂದುಕೊಂಡು ಹಾಕುತ್ತೇವೆ.

ಇಷ್ಟು ದಿನ ಕಿಡಿ ಹಾರಿ ಹಾರಿ ಪಾಯಿಂಟಿನ ಮುಖ ಒಂದು ಕಡೆ ಗುಂಡಿ, ಒಂದು ಕಡೆ ಗುಡ್ಡ ಆಗಿತ್ತು. ಸಣ್ಣ ಫೈಲಿನಿಂದ ಮಟ್ಟ ಮಾಡಿ, ಪೆಟ್ರೋಲಿನ ಬಟ್ಟೆಯಲ್ಲಿ ಒರೆಸಿ, ಕೊನೆಗೆ ಒಂದು ಬಿಳಿ ಕಾಗದದ ಚೂರು ನಡುವೆ ಇಟ್ಟು ಎಳೆದೆ. ಕಾಗದದಲ್ಲಿ ಕಪ್ಪು ಬರದೇ ಇರುವ ತನಕ ಎಳೆಯಬೇಕು, ಬೆರಳಿನ ಎಣ್ಣೆಯ ಪಸೆಯೂ ಅಲ್ಲಿ ತೊಂದರೆ ಕೊಡುತ್ತದೆ. ಪೂರ್ತಿ ತೆರೆದಾಗ ಗ್ಯಾಪ್ 0.35ರಿಂದ 0.40 ಮಿಲಿಮೀಟರ್. ಪಾಯಿಂಟನ್ನು ತೆರೆಯುವ ಕ್ಯಾಮಿಗೆ ಗ್ರೀಸು ಸವರಿದ ಹಾಗೆ, ಅಷ್ಟೇ. ಜಾಸ್ತಿ ಹಾಕಿದರೆ ಅದು ಚಿಮ್ಮಿ ಪಾಯಿಂಟಿಗೇ ಬರುತ್ತದೆ.

ಗ್ಯಾಪ್ ಬದಲಾದರೆ ಟೈಮಿಂಗೂ, ಅಂದರೆ ಕಿಡಿ ಹಾರುವ ಕ್ಷಣವೂ, ಬದಲಾಗುತ್ತದೆ, ಇದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಗ್ಯಾಪ್ ಹೆಚ್ಚಾದರೆ ಪಾಯಿಂಟ್ ಬೇಗ ತೆರೆಯುತ್ತದೆ, ಟೈಮಿಂಗ್ ಮುಂದೆ ಹೋಗುತ್ತದೆ. ಈ ಇಂಜಿನ್ನಿಗೆ ಲೆಕ್ಕ ಹೀಗೆ: ಕಂಪ್ರೆಷನ್ ಸ್ಟ್ರೋಕಿನಲ್ಲಿ ಪಿಸ್ಟನ್ ತುತ್ತತುದಿಗೆ 0.8 ಮಿಲಿಮೀಟರ್ ಕೆಳಗೆ ಇರುವಾಗ ಪಾಯಿಂಟ್ ತೆರೆಯಲು ಶುರುವಾಗಬೇಕು. ಪ್ಲಗ್ ತೂತಿನಿಂದ ಸೈಕಲ್ ಸ್ಪೋಕ್ ಇಳಿಸಿ ಪಿಸ್ಟನಿನ ತುದಿ ಹುಡುಕಬಹುದು, ಆದರೆ ಪ್ಲಗ್ ಓರೆಯಾಗಿ ಕೂರುವುದರಿಂದ ಸ್ಪೋಕಿನ ಅಳತೆ ಅಂದಾಜು ಮಾತ್ರ. ತೆರೆಯುವ ಕ್ಷಣ ಹಿಡಿಯಲು ಮತ್ತೆ ಅದೇ ಆಂಪಿಯರ್ ಮೀಟರು, ಮುಳ್ಳು ನಡುವಿಗೆ ಹಾರಿದ ಕ್ಷಣ ಅದು. ಟೆಸ್ಟ್ ಲ್ಯಾಂಪ್ ಇದ್ದರೆ ಇನ್ನೂ ಸ್ಪಷ್ಟ. ಕೊನೆಯ ತೀರ್ಮಾನ ರಸ್ತೆಯದ್ದು. ಕಿಕ್ಕರ್ ಕಾಲಿಗೆ ತಿರುಗಿ ಹೊಡೆದರೆ, ಏರಿನಲ್ಲಿ ಇಂಜಿನ್ ಕಿಣಿಕಿಣಿ ಅಂದರೆ ಟೈಮಿಂಗ್ ಮುಂದಿದೆ. ಎಳೆತ ಇಲ್ಲದೆ ಮಂಕಾಗಿ, ಸೈಲೆನ್ಸರ್ ಬೆಂಡ್ ನೀಲಿಗಟ್ಟುತ್ತಾ ಹೋದರೆ ಹಿಂದಿದೆ. ಹಿಂದಿದ್ದರೂ ಇಂಜಿನ್ ಬಿಸಿ ಜಾಸ್ತಿ.

ಕಾರ್ಬೊರೇಟರನ್ನು ಇಷ್ಟೆಲ್ಲ ಆದ ಮೇಲೆ ಮುಟ್ಟಿದೆ. ಅದು ತಪ್ಪಿತಸ್ಥ ಅಂತಲ್ಲ, ಈಗಿನ ಪೆಟ್ರೋಲಿನ ಕಾರಣಕ್ಕೆ. ಬಂಕಿನಲ್ಲಿ ಸಿಗುವುದು ಇ20, ಅಂದರೆ ನೂರರಲ್ಲಿ ಇಪ್ಪತ್ತು ಭಾಗ ಎಥೆನಾಲ್. 1998ರ ರಬ್ಬರುಗಳಿಗೆ ಅದರ ಪರಿಚಯ ಇಲ್ಲ. ಪೆಟ್ರೋಲ್ ಪೈಪ್ ಉಬ್ಬಿ ಮೆತ್ತಗಾಗಿತ್ತು, ಬದಲಾಯಿಸಿದೆ. ಪೆಟ್ರೋಲ್ ಬಂದ್ ಮಾಡುವ ಕಾಕಿನ ಒಳಗಿನ ವಾಷರ್, ಫ್ಲೋಟ್ ನೀಡಲ್ ಕೂಡ ಹೊಸದು. ಎಥೆನಾಲಿನಲ್ಲೇ ಆಮ್ಲಜನಕ ಇರುವುದರಿಂದ ಅದೇ ಜೆಟ್ಟಿನಲ್ಲಿ ಮಿಕ್ಸ್ಚರ್ ಸ್ವಲ್ಪ ತೆಳುವಾಗುತ್ತದೆ. ಪ್ಲಗ್ಗಿನ ತುದಿ ಬೆಳ್ಳಗೆ ಕಾಣುತ್ತಿತ್ತು, ಹಾಗಾಗಿ ನೀಡಲ್ ಕ್ಲಿಪ್ಪನ್ನು ಒಂದು ಗೀರು ಕೆಳಗೆ ಇಳಿಸಿದೆ. ಕ್ಲಿಪ್ ಇಳಿದರೆ ನೀಡಲ್ ಏರುತ್ತದೆ, ಪೆಟ್ರೋಲ್ ಜಾಸ್ತಿ ಬರುತ್ತದೆ. ಮೇಲೆ ಮಡಿಕೇರಿ ಎತ್ತರಕ್ಕೆ ಹೋದಾಗ ಗಾಳಿ ತೆಳು, ಅಲ್ಲಿ ಅದೇ ಸೆಟ್ಟಿಂಗ್ ಸ್ವಲ್ಪ ಮಂದ ಅನಿಸುತ್ತದೆ. ಪರವಾಗಿಲ್ಲ, ತೆಳು ಮಿಕ್ಸ್ಚರಿನಲ್ಲಿ ಕಬ್ಬಿಣದ ಇಂಜಿನ್ ಕಾಯಿಸುವುದಕ್ಕಿಂತ ಅದು ಮೇಲು. ಪೈಲಟ್ ಏರ್ ಸ್ಕ್ರೂ ಪೂರ್ತಿ ಬಿಗಿದು ಅಲ್ಲಿಂದ ಒಂದೂವರೆ ಸುತ್ತು ಸಡಿಲಿಸಿದೆ.

ಮಳೆಗಾಲದ ವಿಷಯ ಬೇರೆಯೇ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಚಪ್ಪಲಿಗೂ ಬೂಸಲು ಬರುತ್ತದೆ, ಇನ್ನು ಗಾಡಿ ಏನು ಮಹಾ. ಓಡಿಸಿದ ಗಾಡಿಗಿಂತ ಶೆಡ್ಡಿನಲ್ಲಿ ಸುಮ್ನೆ ನಿಂತ ಗಾಡಿಯೇ ಜಾಸ್ತಿ ಹಾಳಾಗುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಅರ್ಧ ಖಾಲಿ ಟ್ಯಾಂಕಿಯ ಒಳಗೋಡೆಯಲ್ಲಿ ನೀರು ಕೂತು ತುಕ್ಕು ಹಿಡಿಯುತ್ತದೆ, ಆ ತುಕ್ಕೇ ಮತ್ತೆ ಮುಚ್ಚಳದ ತೂತಿಗೂ ಕಾಕಿನ ಜಾಲರಿಗೂ ಬರುವುದು. ಕೆಲವು ವಾರ ನಿಲ್ಲಿಸುವುದಾದರೆ ಟ್ಯಾಂಕಿ ತುಂಬಿಸಿ, ಕಾಕ್ ಬಂದ್ ಮಾಡಿ, ಫ್ಲೋಟ್ ಬೌಲ್ ಖಾಲಿ ಮಾಡಿಬಿಡಿ. ತಿಂಗಳುಗಟ್ಟಲೆ ಅದೇ ಪೆಟ್ರೋಲ್ ಇಡುವುದು ಬೇಡ.

ಹಾಗೆ ನಿಂತ ಹಳೇ ಬುಲೆಟ್ಟಿನಲ್ಲಿ ಇನ್ನೊಂದು ನಾಟಕ ಇದೆ. ಇದರ ಆಯಿಲ್ ಟ್ಯಾಂಕ್ ಇಂಜಿನ್ ಕೇಸಿನಲ್ಲೇ ಬೇರೆ ಕೋಣೆಯಾಗಿ ಇದೆ. ನಿಂತಲ್ಲೇ ನಿಂತರೆ ಆ ಆಯಿಲ್ ಪಂಪಿನ ಸಂದಿನಲ್ಲಿ ಮೆಲ್ಲಗೆ ಇಳಿದು ಕ್ರ್ಯಾಂಕ್ ಇರುವ ಕಡೆ ಸೇರುತ್ತದೆ. ಆಟಿ (ಜೋರು ಮಳೆಯ ತುಳು ತಿಂಗಳು) ಕಳೆದು ಡಿಪ್‌ಸ್ಟಿಕ್ ನೋಡಿದರೆ ಆಯಿಲ್ ಕಾಣುವುದೇ ಇಲ್ಲ! ಗಾಬರಿಯಲ್ಲಿ ಒಂದು ಲೀಟರ್ ಸುರಿದರೆ ಮುಗಿಯಿತು, ಸ್ಟಾರ್ಟ್ ಮಾಡಿದಾಗ ಬ್ರೀದರ್ ಪೈಪಿನಿಂದ ಆಯಿಲ್ ಕಾರುತ್ತದೆ, ಸೈಲೆನ್ಸರಿನಿಂದ ಊರಿಗೆಲ್ಲ ನೀಲಿ ಹೊಗೆ. ಮೊದಲು ಸ್ಟಾರ್ಟ್ ಮಾಡಿ ಕೆಲವು ನಿಮಿಷ ಓಡಿಸಬೇಕು, ಪಂಪು ಅದನ್ನು ಮೇಲಕ್ಕೆ ತರುತ್ತದೆ, ಆಮೇಲೆ ಡಿಪ್‌ಸ್ಟಿಕ್. ತುಂಬಾ ದಿನ ನಿಂತಿದ್ದರೆ ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಿ ತೆಗೆದು ಹೊಸದು ಹಾಕುವುದೇ ಒಳ್ಳೆಯದು. ನಾನು 20ಡಬ್ಲ್ಯೂ-50 ಹಾಕುತ್ತೇನೆ, ಟೈಮಿಂಗ್ ಕವರಿನ ಫಿಲ್ಟರನ್ನೂ ಜೊತೆಗೇ ಬದಲಾಯಿಸುತ್ತೇನೆ. ಹೊಸ ಆಯಿಲ್ ಹಾಕಿದ ಮೇಲೆ ಇಂಜಿನ್ ಐಡಲಿನಲ್ಲಿ ಇರುವಾಗ ಮೇಲೆ ವಾಲ್ವನ್ನು ಒತ್ತುವ ರಾಕರಿಗೆ ಹೋಗುವ ಪೈಪಿನ ಬೋಲ್ಟನ್ನು ಚೂರು ಸಡಿಲಿಸಿ. ಆಯಿಲ್ ಒಸರಿದರೆ ಮೇಲಿನ ತನಕ ಬರುತ್ತಿದೆ ಅಂತ ನೆಮ್ಮದಿ. ಒಸರದಿದ್ದರೆ ಕೂಡಲೇ ಆಫ್ ಮಾಡಿ ಕಾರಣ ಹುಡುಕಬೇಕು.

ಟ್ಯಾಪೆಟ್ ಕೂಡ ಆಗಲೇ ನೋಡಿದೆ. ಇಂಜಿನ್ ಪೂರ್ತಿ ತಣ್ಣಗಿರಬೇಕು, ಬೆಳಿಗ್ಗೆ ಮಾಡಿದರೆ ಒಳ್ಳೆಯದು. ಕಂಪ್ರೆಷನ್ ಸ್ಟ್ರೋಕಿನ ತುದಿಯಲ್ಲಿ ಪಿಸ್ಟನ್ ನಿಲ್ಲಿಸಿ, ಬದಿಯ ಚಿಕ್ಕ ಕವರ್ ತೆಗೆದು, ಪುಷ್‌ರಾಡನ್ನು ಎರಡು ಬೆರಳಲ್ಲಿ ತಿರುಗಿಸಿ. ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಟಕಟಕ ಸದ್ದು ಹೋಗಲಿ ಅಂತ ಟೈಟ್ ಮಾಡುವವರಿದ್ದಾರೆ. ಸದ್ದು ಹೋಗುತ್ತದೆ, ಜೊತೆಗೆ ಎಕ್ಸಾಸ್ಟ್ ವಾಲ್ವೂ ಹೋಗುತ್ತದೆ. ಚೂರು ಸದ್ದು ಇರಲಿ.

ವಯರಿಂಗಿನಲ್ಲಿ ಹೊಸದಾಗಿ ಎಳೆಯುವಂಥದ್ದು ಇರಲಿಲ್ಲ, ಆದರೆ ಹೆಡ್‌ಲೈಟಿನ ಒಳಗಿನ ಒಂದೊಂದು ಕನೆಕ್ಟರಿನಲ್ಲೂ ಹಸಿರು ಕಿಲುಬು. ಎಲ್ಲ ಎಳೆದು, ಎಮರಿ ಕಾಗದ ಹಾಕಿ ಉಜ್ಜಿ, ವ್ಯಾಸಲೀನ್ ಸವರಿ ಮತ್ತೆ ಸೇರಿಸಿದೆ. ಬ್ಯಾಟರಿಯ ಅರ್ಥ್ ವಯರ್ ಫ್ರೇಮಿಗೆ ಸೇರುವ ಬೋಲ್ಟನ್ನು ಬಿಚ್ಚಿ ಕ್ಲೀನ್ ಮಾಡಿದ್ದೇ ಹಾರ್ನಿನ ಸ್ವರ ಬದಲಾಯಿತು. ಮಲ್ಟಿಮೀಟರಿನಲ್ಲಿ ನಿಂತಾಗ 12.6 ವೋಲ್ಟು, ರೇಸ್ ಮಾಡಿದಾಗ 14ರ ಹತ್ತಿರ. ಚಾರ್ಜಿಂಗ್ ಸರಿ ಇದೆ. 13 ದಾಟದೇ ಇದ್ದಿದ್ದರೆ ದೂರ ಹೊರಡುವ ಮೊದಲು ಅದನ್ನೇ ಮೊದಲು ನೋಡಬೇಕಿತ್ತು, ಯಾಕೆಂದರೆ ಪಾಯಿಂಟಿನ ಗಾಡಿಗೆ ಬ್ಯಾಟರಿ ಖಾಲಿಯಾದರೆ ಕಿಡಿಯೂ ಖಾಲಿ.

ಉಳಿದದ್ದು ಬೇಗ ಹೇಳುತ್ತೇನೆ. ಬ್ರೇಕ್ ಡ್ರಮ್ಮು ತೆಗೆದರೆ ಒಳಗೆ ಮುರಕಲ್ಲಿನ (ಕೆಂಪು ಕಲ್ಲಿನ) ಹುಡಿ ತುಂಬಿತ್ತು, ತೊಳೆದು ಲೈನರ್ ಚೂರು ಉಜ್ಜಿದೆ, ಪಿವೋಟಿಗೆ ಗ್ರೀಸು. ಚೈನ್ ಸಡಿಲವನ್ನು ಸ್ನೇಲ್ ಕ್ಯಾಮಿನಲ್ಲಿ ಎರಡೂ ಬದಿ ಒಂದೇ ಗುರುತಿಗೆ ತಂದೆ. ಚೈನ್ ಲಾಕಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು, ತಿರುಗಿಸಿ ಹಾಕಿದ ಗಾಡಿಗಳನ್ನು ಈಗಲೂ ನೋಡುತ್ತೇನೆ. ಟಯರ್ 3.25-19, ಗುಂಡಿ (ಟ್ರೆಡ್) ಚೆನ್ನಾಗಿತ್ತು, ಆದರೆ ಬದಿಯಲ್ಲಿರುವ ನಾಲ್ಕು ಅಂಕಿ ನೋಡಿದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2314 ಅಂತ ಇತ್ತು, ಅಂದರೆ 2014ರ 23ನೇ ವಾರದ್ದು. ಗುಂಡಿ ಎಷ್ಟಿದ್ದರೇನು, ರಬ್ಬರ್ ಕಲ್ಲಾಗಿರುತ್ತದೆ. ನಮ್ಮ ಮಳೆಯ ರಸ್ತೆಯಲ್ಲಿ ಅದರ ಮೇಲೆ ಓಡಾಡುವ ಧೈರ್ಯ ನನಗಿಲ್ಲ. ಎರಡೂ ಬದಲಾಯಿಸಿದೆ, ಟ್ಯೂಬ್ ಸಮೇತ.

ಕಾಗದಪತ್ರವೂ ಮೇಂಟೆನೆನ್ಸೇ. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಬೇಕು, ತೆರಿಗೆ ಬೇರೆ. ನಾವು ಗಡಿಯವರು, ತಲಪಾಡಿಯಲ್ಲೋ ಜಾಲ್ಸೂರಿನಲ್ಲೋ ದಿನ ಬೆಳಗಾದರೆ ರಾಜ್ಯ ದಾಟುವವರು. ಹಳೇ ಗಾಡಿ ಕಂಡರೆ ಪೊಲೀಸರ ಕೈ ತಾನಾಗಿಯೇ ಮೇಲೇಳುತ್ತದೆ. ಹೊಗೆ ಸರ್ಟಿಫಿಕೇಟ್, ಇನ್ಶೂರೆನ್ಸ್ ಎರಡರ ತಾರೀಖನ್ನೂ ಟ್ಯಾಪೆಟ್ ನೋಡುವ ದಿನವೇ ನೋಡಿಬಿಡುತ್ತೇನೆ.

ಇಷ್ಟಾದ ಮೇಲೆ ಪಾಣತ್ತೂರು, ಕರಿಕೆ, ಭಾಗಮಂಡಲದ ದಾರಿ ಹಿಡಿದೆ. ರಸ್ತೆ ಚಿಕ್ಕದು, ತಿರುವು ಜಾಸ್ತಿ, ಕಾಡಿನ ನಡುವೆ ಹತ್ತುತ್ತಲೇ ಇರಬೇಕು, ನಿಂತರೆ ಮೊಬೈಲ್ ಸಿಗ್ನಲ್ಲೂ ಇಲ್ಲ. ಟೆಸ್ಟಿಗೆ ಇದೇ ಸರಿ. ಭಾಗಮಂಡಲದ ತನಕ ಒಂದು ಮಿಸ್ಸಿಂಗ್ ಇಲ್ಲ. ಅಲ್ಲಿ ಚಾ ಕುಡಿಯುವಾಗ ಬೇಕೆಂದೇ ಬಿಸಿಯಲ್ಲಿ ಆಫ್ ಮಾಡಿ ಐದು ನಿಮಿಷಕ್ಕೆ ಕಿಕ್ ಹೊಡೆದೆ, ಬಿಸಿಯ ತೊಂದರೆ ಅಡಗಿದ್ದರೆ ಆ ಹೊತ್ತಿಗೆ ಗೊತ್ತಾಗುತ್ತದೆ. ಡಿಕಂಪ್ರೆಸರ್ (ಕಂಪ್ರೆಷನ್ ಬಿಡುವ ಲಿವರ್) ಹಿಡಿದು ಪಿಸ್ಟನ್ ದಾಟಿಸಿ ಒಂದೇ ಕಿಕ್ಕು. ಬರುವಾಗ ಮಡಿಕೇರಿ, ಸಂಪಾಜೆ ಇಳಿದು ಬಂದೆ.

ಬಾಕಿ ಇರುವುದು ಇಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಪ್ರೈಮರಿ ಚೈನಿನ ಕವರಿನ ಲೀಕು. ನಡುವಿನ ಒಂದೇ ನಟ್ಟಿನಲ್ಲಿ ನಿಲ್ಲುವ ಕವರ್ ಅದು, ಸುತ್ತ ರಬ್ಬರ್ ಸೀಲು. ಲೀಕ್ ಕಂಡ ಕೂಡಲೇ ನಟ್ ಬಿಗಿಯುತ್ತಾ ಹೋದರೆ ಕವರ್ ಬಾಗಿ ಇನ್ನೂ ಜಾಸ್ತಿ ಸೋರುತ್ತದೆ. ಸೀಲು ಮಂಗಳೂರಿನಿಂದ ತರಿಸಬೇಕು. ಕವರ್ ತೆಗೆದಾಗಲೇ ಚೈನಿನ ಸಡಿಲ ಆರು ಮಿಲಿಮೀಟರಿಗೆ ತಂದು, ಕ್ಲಚ್ ಪ್ಲೇಟನ್ನೂ ಅಳೆಯುವ ಲೆಕ್ಕ ಇದೆ. ಎರಡನೇ ಮೂರನೇ ಗೇರಿನ ನಡುವೆ ಆಗಾಗ ಸಿಗುವ ಸುಳ್ಳು ನ್ಯೂಟ್ರಲ್ ಹಾಗೇ ಇದೆ. ಅದಕ್ಕೆ ಗೇರ್‌ಬಾಕ್ಸಿನ ಹೊರಗಿನ ಅಡ್ಜಸ್ಟ್‌ಮೆಂಟ್ ಪ್ಲೇಟನ್ನು ಮೊದಲು ನೋಡುತ್ತೇನೆ, ಒಳಗೆ ಕೈ ಹಾಕುವುದು ಆಮೇಲೆ.